ವಿಷ ತಗುಲಿದ ಯಂತ್ರವನ್ನು ತೊಳೆಯುವ ವಿದ್ಯೆ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾಸಾಯನಿಕ ಅಥವಾ ಜೈವಿಕ ದಾಳಿಗೆ ಒಳಗಾದ ಸೇನಾ ವಾಹನ, ವಿಮಾನ, ಹಡಗುಗಳನ್ನು ಮತ್ತೆ ಬಳಕೆಗೆ ತರುವ ಕ್ರಮದ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸುರತ್ಕಲ್, ಪಣಂಬೂರು, ಮಲ್ಪೆ, ಬ್ರಹ್ಮಾವರದ ಕಡೆಯವು. ಉಡುಪಿಯ ಕಾಲೇಜೊಂದರಲ್ಲಿ ಬಹುಕಾಲ ರಸಾಯನಶಾಸ್ತ್ರ ಕಲಿಸಿದವನಾಗಿ, ಈ ವಿಷಯದಲ್ಲಿ ಜನರಿಗೆ ಇಷ್ಟು ಆಸಕ್ತಿ ಇರುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಬೈಕಂಪಾಡಿಯ ಕಾರ್ಖಾನೆಗಳ ಅಣಕು ಕಾರ್ಯಾಚರಣೆಯಲ್ಲಿ ಅಗ್ನಿಶಾಮಕ ದಳದವರು ಅನಿಲ ಸೋರಿಕೆಯ ಮೇಲೆ ನೀರು ಹಾರಿಸುವುದನ್ನು ನೋಡಿದ್ದೇನೆ. ವಿಷಾನಿಲ ದಾಳಿಗೆ ಸಿಕ್ಕ ಲಾರಿ ಅಥವಾ ಟ್ಯಾಂಕಿಗೂ ಹಾಗೆಯೇ ಜೋರಾಗಿ ನೀರು ಹೊಡೆದರೆ ಸಾಲದೇ? – ಸುರತ್ಕಲ್‌ನ ಓದುಗರು

ನೀವು ನೋಡಿದ ಕಾರ್ಯಾಚರಣೆಯಲ್ಲಿ ಸೋರಿದ್ದು ಅಮೋನಿಯ ಎಂದು ಕಲ್ಪಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಅಮೋನಿಯ ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತದೆ. ಆದ್ದರಿಂದ ನೀರಿನ ಪರದೆ ಕಟ್ಟಿ ಅದನ್ನು ಹಿಡಿಯಬಹುದು. ಯುದ್ಧವಿಷಗಳ ಸ್ವಭಾವ ಬೇರೆ. ‘ವಿಷಾನಿಲ’ ಎಂಬ ನಮ್ಮ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಅವುಗಳಲ್ಲಿ ಮುಖ್ಯವಾದವು ಸಾಮಾನ್ಯ ಉಷ್ಣತೆಯಲ್ಲಿ ದ್ರವಗಳು. ಸಾರಿನ್ ಎಂಬ ನರವಿಷ ಹೆಚ್ಚುಕಡಿಮೆ ನೀರಿನಂತೆಯೇ ಆವಿಯಾಗಿ ಹೋಗುತ್ತದೆ. ವಿಎಕ್ಸ್ ಎಂಬುದು ಎಂಜಿನ್ ಆಯಿಲ್‌ನಂತೆ ದಪ್ಪಗಿದ್ದು, ಬಿದ್ದ ಜಾಗದಲ್ಲೇ ದಿನಗಟ್ಟಲೆ ಉಳಿಯುತ್ತದೆ. 1917ರ ಜುಲೈಯಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಮೊದಲು ಬಳಕೆಯಾದ ಸಾಸಿವೆ ಅನಿಲವೂ ಅನಿಲವಲ್ಲ. ಅದು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ, ನೀರಿಗಿಂತ ಭಾರವಾದ, ನೀರಿನಲ್ಲಿ ಬಹಳ ಕಡಿಮೆ ಕರಗುವ ಎಣ್ಣೆಯಂಥ ದ್ರವ. ಅದರ ಮೇಲೆ ಬರೀ ನೀರು ಹೊಡೆದರೆ ವಿಷದ ಒಂದು ಭಾಗ ನೆಲಕ್ಕೆ ಹೋಗುತ್ತದೆ, ಉಳಿದದ್ದು ಬೋಲ್ಟುಗಳ ಸಂದಿಗೆ, ಬಾಗಿಲಿನ ರಬ್ಬರ್ ಪಟ್ಟಿಯ ಒಳಕ್ಕೆ, ಚಕ್ರದ ಅಡಿಗೆ ಸರಿದು ಕೂರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಬಣ್ಣದ್ದು. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಾನು ಪ್ರತಿ ವರ್ಷ ಒಂದು ಸಣ್ಣ ಪ್ರಯೋಗ ಮಾಡಿಸುತ್ತಿದ್ದೆ. ನೋವಿಗೆ ಹಚ್ಚುವ ಮುಲಾಮಿನ ಘಾಟು ವಾಸನೆಗೆ ಕಾರಣವಾದ ಮೆಥಿಲ್ ಸ್ಯಾಲಿಸಿಲೇಟ್ ಎಂಬ ಎಣ್ಣೆಯ ಒಂದೊಂದು ಹನಿಯನ್ನು ಗಾಜಿನ ತುಂಡು, ಸಾಧಾರಣ ಎನಾಮೆಲ್ ಬಣ್ಣ ಬಳಿದ ತಗಡು ಮತ್ತು ಹಳೆಯ ಸೈಕಲ್ ಟ್ಯೂಬಿನ ತುಂಡಿನ ಮೇಲೆ ಇಟ್ಟು, ಅರ್ಧ ಗಂಟೆ ಬಿಟ್ಟು, ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಚೆನ್ನಾಗಿ ತೊಳೆದು, ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆವು. ಮರುದಿನ ಡಬ್ಬಿ ತೆರೆದಾಗ ಗಾಜಿನದರಲ್ಲಿ ಏನೂ ಇರುತ್ತಿರಲಿಲ್ಲ. ತಗಡಿನದರಲ್ಲಿ ಸಣ್ಣ ವಾಸನೆ ಬರುತ್ತಿತ್ತು. ಟ್ಯೂಬಿನ ಡಬ್ಬಿ ತೆರೆದ ಕ್ಷಣಕ್ಕೆ ಹಿಂದಿನ ಬೆಂಚಿನವರೂ ಮೂಗು ಎತ್ತುತ್ತಿದ್ದರು. ಕೈಯಿಂದ ಮುಟ್ಟಿದರೆ ಟ್ಯೂಬು ಒಣಗಿ ಸ್ವಚ್ಛವಾಗಿಯೇ ಇತ್ತು. ಎಣ್ಣೆ ರಬ್ಬರಿನ ಒಳಗೆ ಇಳಿದು, ರಾತ್ರಿಯಿಡೀ ನಿಧಾನವಾಗಿ ಹೊರಗೆ ಬಂದಿತ್ತು.

ಇದೇ ಮೆಥಿಲ್ ಸ್ಯಾಲಿಸಿಲೇಟನ್ನು ಸಾಸಿವೆ ಅನಿಲದ ಬದಲಿಗೆ ಇಟ್ಟು ರಕ್ಷಣಾ ಉಡುಪುಗಳನ್ನು ಪರೀಕ್ಷಿಸುವುದು ಜಗತ್ತಿನ ಸೇನಾ ಪ್ರಯೋಗಾಲಯಗಳಲ್ಲೂ ರೂಢಿಯಲ್ಲಿದೆ. ಹಾಗಾಗಿ ಮಕ್ಕಳು ನೋಡಿದ್ದು ನಿಜವಾದ ತೊಂದರೆಯ ಚಿಕ್ಕ ರೂಪವೇ ಆಗಿತ್ತು. ತೊಳೆದ ಮೇಲೂ ವಾಹನದ ಬಣ್ಣದಿಂದ, ಸೀಟಿನಿಂದ, ಟಯರಿನಿಂದ ಆವಿ ಹೊರಡುತ್ತಿದ್ದರೆ, ಮುಖವಾಡ ತೆಗೆದು ಒಳಗೆ ಕುಳಿತ ಸೈನಿಕನಿಗೆ ಅಪಾಯ ತಪ್ಪುವುದಿಲ್ಲ. ಈ ಕಾರಣಕ್ಕಾಗಿಯೇ ಅನೇಕ ಸೇನೆಗಳು ಹಳೆಯ ಆಲ್ಕಿಡ್ ಬಣ್ಣವನ್ನು ಬಿಟ್ಟು, ವಿಷವನ್ನು ಒಳಗೆ ಬಿಟ್ಟುಕೊಳ್ಳದ ಪಾಲಿಯುರೆಥೇನ್ ಬಣ್ಣವನ್ನು ತಮ್ಮ ವಾಹನಗಳಿಗೆ ಬಳಿಯತೊಡಗಿದವು. ನಿರ್ವಿಷೀಕರಣದ ಅರ್ಧ ಕೆಲಸ ದಾಳಿಗೆ ಮೊದಲೇ, ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಮುಗಿದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ಸೇನೆಯವರೂ ಬಳಸುತ್ತಾರೆ ಎಂದು ಓದಿದೆ. ಇಷ್ಟು ಸಾಮಾನ್ಯವಾದ ವಸ್ತು ಅಷ್ಟು ಭಯಂಕರ ವಿಷಕ್ಕೆ ಸಾಕಾಗುತ್ತದೆಯೇ? – ಬ್ರಹ್ಮಾವರದ ಓದುಗರು

ಸಾಕಾಗುತ್ತದೆ, ಆದರೆ ಪ್ರಮಾಣ ಬೇರೆ, ಅದಕ್ಕಾಗಿ ತೆರಬೇಕಾದ ಬೆಲೆಯೂ ಬೇರೆ. ಸಾವಿರ ಲೀಟರ್ ಬಾವಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಹಾಕಿ ಒಂದು ಗಂಟೆ ಬಿಟ್ಟರೆ ನಮ್ಮ ಕೆಲಸ ಆಗುತ್ತದೆ. ಸೇನೆಯಲ್ಲಿ ಅದನ್ನು ನೀರಿನೊಂದಿಗೆ ಕಲಸಿ, ಗೋಡೆಗೆ ಬಳಿಯುವ ಸುಣ್ಣದಷ್ಟು ದಪ್ಪಗೆ ಮಾಡಿ, ಉದ್ದ ಹಿಡಿಯ ಬ್ರಷ್ಷಿನಿಂದ ವಾಹನಕ್ಕೆ ಉಜ್ಜುತ್ತಾರೆ. ಒಣ ಪುಡಿಯನ್ನು ದ್ರವರೂಪದ ಸಾಸಿವೆ ಅನಿಲದ ಮೇಲೆ ನೇರವಾಗಿ ಸುರಿದರೆ ಬೆಂಕಿ ಹತ್ತುವಷ್ಟು ಶಾಖ ಹುಟ್ಟಬಹುದು. ಕಲಸಿಯೇ ಬಳಸಬೇಕೆಂಬ ನಿಯಮ ಬಂದದ್ದು ಹಾಗೆ. ಮೊದಲ ಮಹಾಯುದ್ಧದ ಕಾಲದಿಂದ ಇಂದಿನವರೆಗೆ ಈ ಪುಡಿಯ ಸ್ಥಾನ ಪೂರ್ತಿ ಹೋಗಿಲ್ಲ. ಅದು ಅಗ್ಗ, ಎಲ್ಲೆಡೆ ಸಿಗುತ್ತದೆ, ನರವಿಷ ಮತ್ತು ಸಾಸಿವೆ ಅನಿಲ ಎರಡನ್ನೂ ಒಡೆಯುತ್ತದೆ, ಸಾಕಷ್ಟು ಸಮಯ ಕೊಟ್ಟರೆ ರೋಗಾಣುಗಳನ್ನೂ ಕೊಲ್ಲುತ್ತದೆ.

ಅದರ ದೋಷಗಳನ್ನು ಕರಾವಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಳೆ ಜೋರಾದ ಆಟಿ ತಿಂಗಳಲ್ಲಿ ಕಟ್ಟು ಬಿಚ್ಚಿದ ಬ್ಲೀಚಿಂಗ್ ಪೌಡರ್ ನಾಲ್ಕು ದಿನದಲ್ಲಿ ಮುದ್ದೆಯಾಗಿ, ಕ್ಲೋರಿನ್ ಹಾರಿಹೋಗಿ, ವಾಸನೆಯಿಲ್ಲದ ಸುಣ್ಣವಾಗಿ ಉಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಿಸಿ ಮತ್ತು ತೇವದ ನಾಡುಗಳಲ್ಲಿ ಹಾಗಾಗದಿರಲೆಂದು ಅದಕ್ಕೆ ಸುಟ್ಟ ಸುಣ್ಣವನ್ನು ಬೆರೆಸಿ ತಯಾರಿಸಿದ ಮಿಶ್ರಣವನ್ನು ಸೇನೆಗಳು ‘ಸೂಪರ್ ಟ್ರಾಪಿಕಲ್ ಬ್ಲೀಚ್’ ಎಂದು ಕರೆದವು. ಸುಣ್ಣ ತೇವವನ್ನು ತಾನು ಹೀರಿಕೊಂಡು ಕ್ಲೋರಿನ್ ಅಂಶವನ್ನು ಕಾಪಾಡುತ್ತದೆ. ಎರಡನೆಯ ದೋಷ ತುಕ್ಕು. ಪುಡಿಯ ಡಬ್ಬಿಯನ್ನು ಇಟ್ಟ ಬಚ್ಚಲಿನ ಕೊಕ್ಕೆ ಎರಡೇ ವರ್ಷದಲ್ಲಿ ತಿಂದುಹೋಗುವ ಊರು ನಮ್ಮದು. ಅದೇ ವಸ್ತುವನ್ನು ವಿಮಾನದ ಅಲ್ಯೂಮಿನಿಯಂ ಮೈಗೆ, ಬಂದೂಕಿನ ಕುದುರೆಗೆ, ದುರ್ಬೀನಿನ ಮಸೂರಕ್ಕೆ ಉಜ್ಜಿದರೆ ವಿಷ ಹೋಗುತ್ತದೆ, ಉಪಕರಣವೂ ಹೋಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರುವ ಪ್ರಯತ್ನದ ಚರಿತ್ರೆಯೇ ನಿರ್ವಿಷೀಕರಣ ವಿಜ್ಞಾನದ ಚರಿತ್ರೆ ಎಂದರೂ ತಪ್ಪಾಗದು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ಡಿಎಸ್-2 ಎಂಬ ದ್ರಾವಣವನ್ನು ಬಳಕೆಗೆ ತಂದಿತು. ನೂರಕ್ಕೆ ಎಪ್ಪತ್ತು ಭಾಗ ಡೈಈಥಿಲೀನ್ ಟ್ರೈಅಮೀನ್, ಉಳಿದದ್ದರಲ್ಲಿ ಬಹುಪಾಲು ಒಂದು ಸಾವಯವ ದ್ರಾವಕ, ಜೊತೆಗೆ ನೂರಕ್ಕೆ ಎರಡರಷ್ಟು ಕಾಸ್ಟಿಕ್ ಸೋಡಾ. ರಾಸಾಯನಿಕ ವಿಷಗಳನ್ನು ಅದು ಬಹಳ ವೇಗವಾಗಿ ನಾಶಮಾಡುತ್ತಿತ್ತು. ಆದರೆ ಅರ್ಧ ಗಂಟೆಯ ಬಳಿಕ ತೊಳೆಯದಿದ್ದರೆ ಬಣ್ಣ ಏಳುತ್ತಿತ್ತು, ರಬ್ಬರ್ ಮೆತ್ತಗಾಗುತ್ತಿತ್ತು, ಪ್ಲಾಸ್ಟಿಕ್ ಹಾಳಾಗುತ್ತಿತ್ತು. ಅದಕ್ಕೆ ಬೆಂಕಿ ಹತ್ತುವ ಸ್ವಭಾವವಿತ್ತು, ಮುಟ್ಟಿದವರ ಚರ್ಮವನ್ನು ಸುಡುತ್ತಿತ್ತು, ಇಷ್ಟಾಗಿಯೂ ಆಂಥ್ರಾಕ್ಸ್‌ನಂಥ ರೋಗಾಣುಗಳ ಬೀಜಕಗಳ, ಎಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪಗಳ ಮೇಲೆ ಅದರ ಆಟ ನಡೆಯುತ್ತಿರಲಿಲ್ಲ. ದಶಕಗಳ ಬಳಕೆಯ ನಂತರ ಅದನ್ನು ಕೈಬಿಡಬೇಕಾಯಿತು. ಜರ್ಮನರು ಬೇರೊಂದು ದಾರಿ ಹಿಡಿದು, ಬ್ಲೀಚಿಂಗ್ ಪೌಡರಿನ ಸತ್ವವಾದ ಹೈಪೋಕ್ಲೋರೈಟನ್ನು ಎಣ್ಣೆಯಂಥ ದ್ರಾವಕದೊಂದಿಗೆ ಹಾಲಿನಂತೆ ಕಡೆದು ಎಮಲ್ಷನ್ ಮಾಡಿದರು. ದ್ರಾವಕ ಬಣ್ಣದ ಒಳಗಿನ ವಿಷವನ್ನು ಹೊರಗೆಳೆಯುತ್ತದೆ, ಹೊರಗೆ ಬಂದುದನ್ನು ಹೈಪೋಕ್ಲೋರೈಟ್ ಒಡೆಯುತ್ತದೆ.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1990ರ ದಶಕದ ಕೊನೆಯಲ್ಲಿ ರೂಪಿಸಿದ ನೊರೆಯಲ್ಲಿ ಸಾಬೂನಿನಂಥ ಪದಾರ್ಥದೊಂದಿಗೆ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಸಾಬೂನಿನ ಅಣು ವಿಷದ ಹನಿಯನ್ನು ನೀರಿಗೆ ಎಳೆತರುತ್ತದೆ, ಪೆರಾಕ್ಸೈಡ್ ಅದನ್ನು ಒಡೆದು ತಾನು ನೀರು ಮತ್ತು ಆಮ್ಲಜನಕವಾಗಿ ಹೋಗುತ್ತದೆ. ನೊರೆಯಾದ್ದರಿಂದ ನೆಟ್ಟಗಿನ ಗೋಡೆಯ ಮೇಲೂ ಸಾಕಷ್ಟು ಹೊತ್ತು ಅಂಟಿಕೊಂಡು ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾರೆ: ವಿಎಕ್ಸ್ ವಿಷವನ್ನು ಕಾಸ್ಟಿಕ್ ಸೋಡಾದಂಥ ಕ್ಷಾರದಿಂದ ಒಡೆದಾಗ, ಅದರ ಒಂದು ಪಾಲು ಮತ್ತೊಂದು ಬಲವಾದ ವಿಷವಾಗಿಯೇ ಉಳಿಯುತ್ತದೆ. ಕ್ಷಾರಗುಣದ ಪೆರಾಕ್ಸೈಡ್ ಬಳಸಿದರೆ ಆ ಅಡ್ಡದಾರಿ ಮುಚ್ಚಿಹೋಗುತ್ತದೆ. ವಿಷ ‘ಕಾಣೆಯಾಯಿತು’ ಎಂದರೆ ಸಾಲದು, ಅದು ಯಾವ ರೂಪಕ್ಕೆ ತಿರುಗಿತು ಎಂದು ನೋಡಬೇಕು.

ಯುದ್ಧದ ನಡುವೆ ಇಷ್ಟೆಲ್ಲ ಉಜ್ಜಿ, ಕಾದು, ತೊಳೆಯಲು ಸಮಯವೆಲ್ಲಿದೆ? – ಪುತ್ತೂರಿನ ಓದುಗರು

ಸಮಯ ಇರುವುದಿಲ್ಲ. ಅದಕ್ಕಾಗಿಯೇ ಕೆಲಸವನ್ನು ಹಂತಗಳಾಗಿ ಒಡೆದಿದ್ದಾರೆ. ವಿಷ ತಗುಲಿದ ಕೆಲವೇ ನಿಮಿಷಗಳಲ್ಲಿ ಸೈನಿಕ ತನ್ನ ಚರ್ಮವನ್ನೂ, ತಾನು ಮುಟ್ಟಲೇಬೇಕಾದ ಬಾಗಿಲ ಹಿಡಿ, ಸ್ಟಿಯರಿಂಗ್, ಬಂದೂಕುಗಳನ್ನೂ ಜೇಬಿನಲ್ಲಿರುವ ಕಿಟ್‌ನಿಂದ ಒರೆಸಿಕೊಳ್ಳುತ್ತಾನೆ. ಅದರಲ್ಲಿ ಹೆಚ್ಚಾಗಿ ಇರುವುದು ಫುಲ್ಲರ್ಸ್ ಅರ್ಥ್, ಎಂದರೆ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯ ಹೀರುಮಣ್ಣು. ಎರಡನೆಯ ಹಂತದಲ್ಲಿ ವಾಹನವನ್ನು ಒಮ್ಮೆ ಬಿಸಿನೀರು ಮತ್ತು ಸಾಬೂನಿನಿಂದ ತೊಳೆದು ಕೆಲಸಕ್ಕೆ ಕಳುಹಿಸುತ್ತಾರೆ. ಪೂರ್ಣ ನಿರ್ವಿಷೀಕರಣ ನಡೆಯುವುದು ಹಿಂದಿನ ಸಾಲಿನಲ್ಲಿ. ಅಲ್ಲಿ ವಾಹನ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸಾಗುತ್ತದೆ: ಮೊದಲು ಕೆಸರು ತೊಳೆಯಬೇಕು, ಏಕೆಂದರೆ ಕೆಸರೇ ವಿಷವನ್ನು ಹಿಡಿದಿಡುತ್ತದೆ ಮತ್ತು ದ್ರಾವಣದ ಶಕ್ತಿಯನ್ನು ವೃಥಾ ತಿನ್ನುತ್ತದೆ, ಆಮೇಲೆ ದ್ರಾವಣ ಬಳಿದು ಕಾಯಬೇಕು, ತೊಳೆಯಬೇಕು, ಪರೀಕ್ಷಿಸಬೇಕು. ಒಂದೊಂದು ವಾಹನಕ್ಕೂ ನೂರಾರು ಲೀಟರ್ ನೀರು ಬೇಕು. ಸೋವಿಯತ್ ಸೇನೆ ಈ ಸಾಲನ್ನು ಚುರುಕುಗೊಳಿಸಲು ವಿಮಾನದ ಜೆಟ್ ಎಂಜಿನ್ನನ್ನೇ ಉರಾಲ್ ಟ್ರಕ್ಕಿನ ಮೇಲೆ ಕೂರಿಸಿ, ಅದರ ಬಿಸಿ ಗಾಳಿಗೆ ನೀರು ಅಥವಾ ದ್ರಾವಣ ಸೇರಿಸಿ ಟ್ಯಾಂಕುಗಳ ಮೇಲೆ ಹಾಯಿಸುವ ಟಿಎಂಎಸ್-65 ಎಂಬ ಯಂತ್ರವನ್ನು ಮಾಡಿತ್ತು. ಟ್ಯಾಂಕಿಗೆ ಅದು ಸೈ. ಆಂಟೆನಾ, ಮಸೂರಗಳಿಗೆ ಹೇಳಿಸಿದ್ದಲ್ಲ.

ತೊಳೆಯುವವರ ಕಷ್ಟವನ್ನೂ ಸ್ವಲ್ಪ ಯೋಚಿಸಿ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದಿನ ಮೈತುಂಬ ಪ್ಲಾಸ್ಟಿಕ್ ಹೊದ್ದವರು ಅರ್ಧ ಗಂಟೆಯಲ್ಲಿ ಹೇಗೆ ಬೆವರಿ ಬಸವಳಿಯುತ್ತಾರೆ ಎಂಬುದು ನಿಮಗೆ ಗೊತ್ತಿರುತ್ತದೆ. ಇಂಗಾಲದ ಪದರವಿರುವ ರಕ್ಷಣಾ ಉಡುಪು, ರಬ್ಬರ್ ಕೈಗವಸು, ಮುಖವಾಡ ಧರಿಸಿ ನಮ್ಮಂಥ ಸೆಕೆಯ ಊರಿನಲ್ಲಿ ಬ್ರಷ್ ಹಿಡಿದು ಟ್ಯಾಂಕ್ ಉಜ್ಜುವುದು ಅದಕ್ಕಿಂತ ಬಹಳ ಕಠಿಣ. ಸರದಿಯ ಮೇಲೆ ಆಳುಗಳನ್ನು ಬದಲಿಸದಿದ್ದರೆ ವಿಷಕ್ಕಿಂತ ಮೊದಲು ಸೆಕೆಯೇ ಅವರನ್ನು ಕೆಡಹುತ್ತದೆ. ಮನುಷ್ಯರ ಬದಲು ಯಂತ್ರದ ಕೈಗಳಿಂದ ಈ ಕೆಲಸ ಮಾಡಿಸುವ ಸಂಶೋಧನೆಗೆ ಹೆಚ್ಚು ಹಣ, ಹೆಚ್ಚು ಗಮನ ಸಿಗಬೇಕು.

ರಾಸಾಯನಿಕಕ್ಕೂ ರೋಗಾಣುವಿಗೂ ಒಂದೇ ಔಷಧಿಯೇ? ಕಂಪ್ಯೂಟರ್, ರೇಡಾರ್ ತುಂಬಿದ ವಿಮಾನವನ್ನು ತೊಳೆಯುವುದಾದರೂ ಹೇಗೆ? – ಮಣಿಪಾಲದ ವಿದ್ಯಾರ್ಥಿನಿ

ಹೆಚ್ಚಿನ ರೋಗಾಣುಗಳು ಬಿಸಿಲಿಗೆ, ಒಣಗುವಿಕೆಗೆ ತಾವಾಗಿಯೇ ಸಾಯುತ್ತವೆ. ಕಷ್ಟವಿರುವುದು ಆಂಥ್ರಾಕ್ಸ್‌ನಂಥ ಬೀಜಕಗಳಲ್ಲಿ. ಬ್ರಿಟಿಷರು 1942ರಲ್ಲಿ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬಿನ ಪ್ರಯೋಗ ನಡೆಸಿದರು. ಸುಮಾರು ಇನ್ನೂರು ಹೆಕ್ಟೇರ್‌ನ ಆ ದ್ವೀಪಕ್ಕೆ ನಾಲ್ಕು ದಶಕ ಕಳೆದರೂ ಯಾರೂ ಕಾಲಿಡುವಂತಿರಲಿಲ್ಲ. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ನೆಲಕ್ಕೆ ಹಾಯಿಸಿದ ಬಳಿಕ, 1990ರ ಏಪ್ರಿಲ್‌ನಲ್ಲಿ ದ್ವೀಪ ಸುರಕ್ಷಿತವೆಂದು ಘೋಷಿಸಲಾಯಿತು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಪುಡಿ ಹರಡಿದಾಗ, ವಾಷಿಂಗ್ಟನ್‌ನ ಬ್ರೆಂಟ್‌ವುಡ್ ಅಂಚೆ ಕೇಂದ್ರವನ್ನು ಮುಚ್ಚಿ, ಕ್ಲೋರಿನ್ ಡೈಆಕ್ಸೈಡ್ ಅನಿಲ ತುಂಬಿಸಿ, ಮತ್ತೆ ತೆರೆಯುವ ಹೊತ್ತಿಗೆ ಎರಡು ವರ್ಷಗಳೇ ಕಳೆದಿದ್ದವು.

ವಿಮಾನದೊಳಗೆ ದ್ರಾವಣ ಸುರಿಯುವಂತಿಲ್ಲ, ನಿಜ. ಅಲ್ಲಿ ಎರಡು ದಾರಿಗಳು ಮುಂದೆ ಬಂದಿವೆ. ಒಂದು, ಹೈಡ್ರೋಜನ್ ಪೆರಾಕ್ಸೈಡಿನ ಆವಿಯನ್ನು ಮುಚ್ಚಿದ ಜಾಗದಲ್ಲಿ ತುಂಬಿಸುವುದು. 2020ರಲ್ಲಿ ಕೋವಿಡ್ ಸಂದರ್ಭದಲ್ಲಿ ಎನ್-95 ಮುಖಗವಸುಗಳನ್ನು ಮರುಬಳಕೆಗೆ ಸಿದ್ಧಪಡಿಸಿದ್ದೂ ಈ ವಿಧಾನದಿಂದಲೇ. ಇನ್ನೊಂದು ನನಗೆ ಬಹಳ ಮೆಚ್ಚುಗೆಯಾದದ್ದು: ಇಡೀ ವಿಮಾನವನ್ನು ಗುಡಾರದಂಥ ಹೊದಿಕೆಯೊಳಗೆ ಇರಿಸಿ, ಸುಮಾರು 75 ಡಿಗ್ರಿಯ ಬಿಸಿಯಾದ, ತೇವ ತುಂಬಿದ ಗಾಳಿಯನ್ನು ದಿನಗಟ್ಟಲೆ ಹಾಯಿಸುವುದು. ಅಮೆರಿಕದ ವಾಯುಪಡೆ ಇದನ್ನು ಸಿ-130 ಸರಕು ವಿಮಾನದ ಮೇಲೆ ಪರೀಕ್ಷಿಸಿದೆ. ಒಣ ಶಾಖಕ್ಕೆ ಬಗ್ಗದ ಬೀಜಕ ತೇವದ ಶಾಖಕ್ಕೆ ಬಗ್ಗುತ್ತದೆ. ಇಡ್ಲಿ ಬೇಯುವುದೂ ತೇವದ ಶಾಖದಲ್ಲೇ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಇಲ್ಲಿ ಹಬೆ ತಂತಿಗಳ ಮೇಲೆ ನೀರಾಗಿ ಇಳಿಯದಂತೆ ಉಷ್ಣತೆಯನ್ನು ಹಿಡಿದಿಡುವುದರಲ್ಲಿ ಎಂಜಿನಿಯರನ ಕೌಶಲವಿದೆ.

ಬೊಂಡಾಸ್‌ನಲ್ಲಿ ನರವಿಷವನ್ನು ಒಡೆಯುವ ಪದಾರ್ಥವಿದೆ ಎಂದು ಮಗ ಹೇಳಿದ. ನಂಬಬಹುದೇ? – ಮಲ್ಪೆಯ ಮೀನುಗಾರರು

ನಂಬಬಹುದು. ಬೊಂಡಾಸ್ ಎಂದರೆ ಸ್ಕ್ವಿಡ್ ಎಂಬ ಕಡಲಜೀವಿ. ಬೊಂಡಾಸ್‌ನ ನರತಂತುಗಳು ಬಹಳ ದಪ್ಪವಾಗಿರುವುದರಿಂದ ನರಗಳ ಅಧ್ಯಯನಕ್ಕೆ ವಿಜ್ಞಾನಿಗಳು ಅವನ್ನು ಹಿಂದಿನಿಂದಲೂ ಬಳಸುತ್ತಿದ್ದರು. 1960ರ ದಶಕದಲ್ಲಿ ಫ್ರಾನ್ಸಿಸ್ ಹಾಸ್ಕಿನ್ ಎಂಬ ವಿಜ್ಞಾನಿ, ಸಾರಿನ್‌ಗೆ ಹತ್ತಿರದ ಡಿಎಫ್‌ಪಿ ಎಂಬ ವಿಷವನ್ನು ಬೊಂಡಾಸ್‌ನ ನರದಲ್ಲಿರುವ ಒಂದು ಕಿಣ್ವ ಒಡೆಯುತ್ತದೆ ಎಂಬುದನ್ನು ಕಂಡರು. ಯುರೋಪಿನ ಕಡಲಿನ ಬೊಂಡಾಸ್ ಜಾತಿಯೊಂದರ ಆ ಕಿಣ್ವದ ವಂಶವಾಹಿಯನ್ನು ಈಗ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೊಂಡಾಸ್‌ನ ಹಂಗಿಲ್ಲದೆ ತೊಟ್ಟಿಯಲ್ಲಿ ಬೆಳೆಸುತ್ತಾರೆ. ಹೀಗಾಗಿ ಮಲ್ಪೆಯ ದಕ್ಕೆಯಲ್ಲಿ ಬೊಂಡಾಸ್‌ನ ದರ ಇದರಿಂದ ಏರುವ ಸಂಭವವಿಲ್ಲ.

ಕಿಣ್ವದ ಹಿರಿಮೆ ಏನೆಂದರೆ, ಬ್ಲೀಚಿನಂತೆ ಅದು ಖರ್ಚಾಗುವುದಿಲ್ಲ. ಒಂದೇ ಅಣು ಸಾವಿರಾರು ವಿಷದ ಅಣುಗಳನ್ನು ಒಂದಾದ ಮೇಲೊಂದರಂತೆ ಒಡೆಯುತ್ತದೆ, ಕಬ್ಬಿಣವನ್ನಾಗಲಿ ರಬ್ಬರನ್ನಾಗಲಿ ಮುಟ್ಟುವುದಿಲ್ಲ. ಕೊರತೆಯೂ ಅಷ್ಟೇ ಸ್ಪಷ್ಟ: ಬೀಗಕ್ಕೆ ತಕ್ಕ ಕೀಲಿಯಂತೆ ಅದು ಸಾರಿನ್ ವರ್ಗದ ವಿಷಗಳಿಗೆ ಮಾತ್ರ ಸಲ್ಲುತ್ತದೆ; ಸಾಸಿವೆ ಅನಿಲದ ಮೇಲೆ ಅದರ ಪ್ರಭಾವವಿಲ್ಲ. ಎದುರಾಳಿ ಬಳಸಿದ್ದು ಯಾವ ವಿಷ ಎಂದು ಗೊತ್ತಿಲ್ಲದ ರಾತ್ರಿಯಲ್ಲಿ ಒಂದೇ ಬೀಗದ ಕೀಲಿಯನ್ನು ನೆಚ್ಚಿ ಕೂರಲಾಗದು. ಕಿಣ್ವದ ಕೆಲಸವನ್ನು ಲೋಹದಿಂದ ಮಾಡಿಸುವ ಯತ್ನಗಳೂ ನಡೆದಿವೆ. ಜಿರ್ಕೋನಿಯಂ ಲೋಹದ ಗಂಟುಗಳನ್ನು ಸಾವಯವ ಕೊಂಡಿಗಳಿಂದ ಹೆಣೆದ, ಜೇನುಹುಟ್ಟಿನಂತೆ ರಂಧ್ರಗಳಿರುವ ಯುಐಓ-66 ಮುಂತಾದ ಪುಡಿಗಳು ನರವಿಷವನ್ನು ಒಳಗೆ ಎಳೆದುಕೊಂಡು ಒಡೆಯುತ್ತವೆ. ಅವನ್ನು ಬಟ್ಟೆಗೆ, ಬಣ್ಣಕ್ಕೆ ಬೆರೆಸಿ, ವಿಷ ಬಿದ್ದೊಡನೆ ತಾನೇ ಶುದ್ಧಿಯಾಗುವ ಹೊದಿಕೆ ಮಾಡುವುದು ಸಂಶೋಧಕರ ಗುರಿ.

ಹಡಗಿನವರಿಗೆ ಸುತ್ತಲೂ ನೀರೇ ಇದೆ. ಅವರ ಕೆಲಸ ಸುಲಭವಲ್ಲವೇ? – ಪಣಂಬೂರಿನ ಓದುಗರು

ಒಂದು ಮಟ್ಟಿಗೆ ಹೌದು. ಯುದ್ಧನೌಕೆಗಳ ಮೇಲ್ಭಾಗದಲ್ಲಿ ಕೊಳವೆಗಳ ಜಾಲವಿರುತ್ತದೆ. ವಿಷದ ಮೋಡ ಬರುವ ಮೊದಲೇ ಅವುಗಳಿಂದ ಸಮುದ್ರದ ನೀರು ಚಿಮ್ಮಿಸಿ ಡೆಕ್ಕಿನ ಮೇಲೆ ಹರಿಯುವ ನೀರಿನ ತೆಳು ಪದರವನ್ನು ಉಂಟುಮಾಡುತ್ತಾರೆ. ಒಣ ಬಣ್ಣದ ಮೇಲೆ ಬಿದ್ದ ಹನಿ ಇಂಗುತ್ತದೆ, ಒದ್ದೆ ಮೈಮೇಲೆ ಬಿದ್ದದ್ದು ಜಾರಿಹೋಗುತ್ತದೆ. 1946ರ ಜುಲೈ 25ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನೀರಿನಡಿಯಲ್ಲಿ ಅಣುಬಾಂಬ್ ಸಿಡಿಸಿದಾಗ, ವಿಕಿರಣ ಮೆತ್ತಿದ ಹಡಗುಗಳನ್ನು ನಾವಿಕರು ಎಷ್ಟು ಉಜ್ಜಿದರೂ ಹಲವು ಹಡಗುಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಅಂಟಿದ ಮೇಲೆ ಉಜ್ಜುವುದಕ್ಕಿಂತ ಅಂಟದಂತೆ ತಡೆಯುವುದೇ ಸರಿ ಎಂಬ ಪಾಠ ಅಲ್ಲಿಂದಲೂ ಬಂತು. ಹಡಗಿನ ಒಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಟ್ಟು, ಸಂದಿಗಳಿಂದ ಗಾಳಿ ಹೊರಗೆ ಹೋಗುವುದೇ ಹೊರತು ಒಳಗೆ ಬರದಂತೆ ನೋಡಿಕೊಳ್ಳುತ್ತಾರೆ.

ಬಂದರಿನ ಊರಿನವರು ತಿಳಿದಿರಲೇಬೇಕಾದ ಒಂದು ಘಟನೆಯಿದೆ. 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು. ಅಲ್ಲಿ ನಿಂತಿದ್ದ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗಿನಲ್ಲಿ ಸುಮಾರು 2000 ಸಾಸಿವೆ ಅನಿಲದ ಬಾಂಬುಗಳಿದ್ದವು. ಆ ವಿಷಯ ಗುಟ್ಟಾಗಿತ್ತು. ಹಡಗು ಒಡೆದು, ವಿಷ ನೀರಿನ ಮೇಲಿನ ಇಂಧನ ಎಣ್ಣೆಯೊಂದಿಗೆ ಬೆರೆಯಿತು. ಈಜಿ ಬಂದ ನಾವಿಕರನ್ನು ಆಸ್ಪತ್ರೆಯವರು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಕಂಬಳಿ ಹೊದಿಸಿ ಬೆಚ್ಚಗೆ ಮಲಗಿಸಿದರು. ಆಸ್ಪತ್ರೆಗೆ ಸೇರಿದವರಲ್ಲಿ 628 ಮಂದಿಗೆ ಸಾಸಿವೆ ಅನಿಲದ ಗಾಯಗಳಾಗಿ, 83 ಮಂದಿ ತೀರಿಕೊಂಡರು. ಊರಿನ ನಾಗರಿಕರು ಈ ಲೆಕ್ಕದಲ್ಲಿ ಸೇರಿಲ್ಲ. ಒಡನೆಯೇ ಬಟ್ಟೆ ಬಿಚ್ಚಿಸಿ ಸಾಬೂನು ನೀರಿನಲ್ಲಿ ಮೀಯಿಸಿದ್ದರೆ ಅವರಲ್ಲಿ ಅನೇಕರು ಬದುಕುತ್ತಿದ್ದರು. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೋವಿಡ್ ಕಾಲದಲ್ಲಿ ಮಾರುಕಟ್ಟೆಯ ಬಾಗಿಲಲ್ಲಿ ಸುರಂಗ ಕಟ್ಟಿ ನಮ್ಮ ಮೈಗೆ ದ್ರಾವಣ ಸಿಂಪಡಿಸಿದರು. ಅದೂ ಇದೇ ವಿದ್ಯೆಯೇ? – ಕಾರ್ಕಳದ ಓದುಗರು

ಅಲ್ಲ. ಯಂತ್ರಕ್ಕೆ ಹಾಕುವ ಹೈಪೋಕ್ಲೋರೈಟನ್ನು ಮನುಷ್ಯರ ಕಣ್ಣು, ಶ್ವಾಸಕೋಶಗಳಿಗೆ ಹಾಯಿಸಬಾರದು. ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್‌ನಲ್ಲಿ ಅದು ಬೇಡವೆಂದು ತಿಳಿಸಿತ್ತು. ಮನುಷ್ಯನಿಗೆ ಬಟ್ಟೆ ಬಿಚ್ಚುವುದು, ನೀರು, ಸಾಬೂನು ಇಷ್ಟೇ ಮೊದಲ ಚಿಕಿತ್ಸೆ.

ನಮ್ಮ ದೇಶದಲ್ಲಿ ಈ ಕೆಲಸ ನಡೆಯುತ್ತಿದೆಯೇ? – ಕುಂದಾಪುರದ ಓದುಗರು

ನಡೆಯುತ್ತಿದೆ. ಡಿಆರ್‌ಡಿಒ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯ ಇದರ ಕೇಂದ್ರ. ಸಾಸಿವೆ ಅನಿಲವನ್ನು ಒಡೆಯುವ, ಆದರೆ ಬ್ಲೀಚಿನಷ್ಟು ಕಟುವಲ್ಲದ ಸಿಸಿ-2 ಎಂಬ ಕ್ಲೋರಿನ್ ಸಂಯುಕ್ತವನ್ನು ಅಲ್ಲಿಯೇ ರೂಪಿಸಿದ್ದಾರೆ. ಬಿಎಂಪಿ-2 ಎಂಬ ಕವಚವಿರುವ ಸೇನಾ ವಾಹನದ ಅಡಿಪಾಯದ ಮೇಲೆ ವಿಷಪತ್ತೆಯ ಗಸ್ತು ವಾಹನವನ್ನೂ ಡಿಆರ್‌ಡಿಒ ಕಟ್ಟಿದೆ. ಭಾರತವು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನು 1996ರಲ್ಲಿ ಅನುಮೋದಿಸಿ, ತನ್ನಲ್ಲಿದ್ದ ದಾಸ್ತಾನನ್ನು ಘೋಷಿಸಿ, 2009ರಲ್ಲಿ ಅದರ ನಾಶವನ್ನು ಪೂರ್ಣಗೊಳಿಸಿತು. ಅಸ್ತ್ರವನ್ನು ತ್ಯಜಿಸಿದ ದೇಶಕ್ಕೆ ರಕ್ಷಣೆಯ ವಿದ್ಯೆ ಇನ್ನಷ್ಟು ಅಗತ್ಯ. ಒಪ್ಪಂದವೂ ಅದಕ್ಕೆ ಅವಕಾಶ ಕೊಟ್ಟಿದೆ.

ತೊಳೆದ ಮೇಲೆ ಸ್ವಚ್ಛವಾಯಿತೆಂದು ತಿಳಿಯುವುದು ಹೇಗೆ? – ಮೂಲ್ಕಿಯ ಓದುಗರು

ದ್ರವದ ಹನಿಗಳಿಗೆ ಬಣ್ಣ ಬದಲಿಸುವ ಕಾಗದವಿದೆ: ಸಾರಿನ್ ವರ್ಗಕ್ಕೆ ಹಳದಿ, ವಿಎಕ್ಸ್‌ಗೆ ಕಡುಹಸಿರು, ಸಾಸಿವೆ ಅನಿಲಕ್ಕೆ ಕೆಂಪು. ಆದರೆ ಬ್ರೇಕ್ ಆಯಿಲ್‌ನಂಥವು ತಗುಲಿದರೂ ಅದು ಬಣ್ಣ ತೋರಿಸಿ ಮೋಸಗೊಳಿಸಬಹುದು. ಆವಿಯನ್ನು ಅಳೆಯುವ ಯಂತ್ರಗಳು ಹೆಚ್ಚು ಸೂಕ್ಷ್ಮ. ಬಣ್ಣದೊಳಗಿಂದ ನಿಧಾನವಾಗಿ ಹೊರಡುವ ವಿಷವನ್ನು ಹಿಡಿಯಬೇಕಾದರೆ ವಾಹನವನ್ನು ಮುಚ್ಚಿಟ್ಟು, ಬೆಚ್ಚಗಾಗಲು ಬಿಟ್ಟು, ಮತ್ತೆ ಅಳೆಯಬೇಕು. ನನ್ನ ವಿದ್ಯಾರ್ಥಿಗಳ ಡಬ್ಬಿಯ ಹಾಗೆ. 2018ರ ಮಾರ್ಚ್ 4ರಂದು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಮನೆಯೊಂದರ ಬಾಗಿಲ ಹಿಡಿಗೆ ನೋವಿಚೋಕ್ ಎಂಬ ನರವಿಷ ಸವರಿದ ಪ್ರಕರಣದಲ್ಲಿ, ಅಲ್ಲಿನ ಜಾಗಗಳ ಶುದ್ಧೀಕರಣ ಮುಗಿದದ್ದು 2019ರ ಮಾರ್ಚ್ 1ರಂದು. ಸವರಿದ್ದು ಒಂದು ಹಿಡಿಗೆ, ತೊಳೆಯಲು ಹಿಡಿದದ್ದು ಹತ್ತಿರ ಹತ್ತಿರ ಒಂದು ವರ್ಷ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಯಾರೂ ಈ ಪ್ರಶ್ನೆ ಕೇಳುವುದಿಲ್ಲ. – ಕಾಪುವಿನ ಓದುಗರು

ನೀವು ಕೇಳಿದ್ದು ಒಳ್ಳೆಯದಾಯಿತು. ಒಡೆದ ವಿಷದ ಉಳಿಕೆ, ಒಡೆಯದೆ ಉಳಿದ ವಿಷ, ಹೆಚ್ಚಾದ ಬ್ಲೀಚ್, ಕೆಸರು, ಎಣ್ಣೆ ಎಲ್ಲವೂ ಆ ನೀರಿನಲ್ಲಿರುತ್ತವೆ. 2014ರಲ್ಲಿ ಸಿರಿಯಾದಿಂದ ತಂದ ಸುಮಾರು 600 ಟನ್ ರಾಸಾಯನಿಕಗಳನ್ನು ಕೇಪ್ ರೇ ಎಂಬ ಅಮೆರಿಕದ ಹಡಗಿನ ಮೇಲೆ, ಮೆಡಿಟರೇನಿಯನ್ ಸಮುದ್ರದ ನಡುವೆಯೇ ನಿಷ್ಕ್ರಿಯಗೊಳಿಸಿದಾಗ, ಗ್ರೀಸಿನ ಕ್ರೀಟ್ ದ್ವೀಪದ ಜನ ಇದೇ ಆತಂಕದಿಂದ ಪ್ರತಿಭಟಿಸಿದ್ದರು. ಅಲ್ಲಿ ಉಳಿದ ದ್ರವದ ಒಂದು ತೊಟ್ಟನ್ನೂ ಕಡಲಿಗೆ ಬಿಡದೆ, ಟ್ಯಾಂಕುಗಳಲ್ಲಿ ತುಂಬಿ ಫಿನ್ಲೆಂಡ್ ಮತ್ತು ಜರ್ಮನಿಗೆ ಒಯ್ದು ನಾಶಮಾಡಿದರು. ಯುದ್ಧಭೂಮಿಯಲ್ಲಿ ಅಷ್ಟು ಅನುಕೂಲ ಇರುವುದಿಲ್ಲ. ಇಳಿಜಾರಿನ ಕೊನೆಯಲ್ಲಿ ಗುಂಡಿ ತೋಡಿ, ದಪ್ಪ ಪ್ಲಾಸ್ಟಿಕ್ ಹಾಸಿ, ನೀರನ್ನು ಅಲ್ಲಿ ಹಿಡಿದು, ಮತ್ತೊಮ್ಮೆ ಬ್ಲೀಚ್ ಹಾಕಿ, ಗುರುತಿನ ಫಲಕ ನೆಟ್ಟು ಮುಚ್ಚುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಅಂಥ ಜಾಗವನ್ನು ಆರಿಸುವುದು ಸುಲಭವಲ್ಲ. ಮುರಕಲ್ಲಿನ ನೆಲ ಜರಡಿಯಂತೆ ನೀರು ಇಳಿಸುತ್ತದೆ, ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲಿರುತ್ತದೆ, ಮನೆಗೊಂದು ಬಾವಿಯಿದೆ. ತೊಳೆಯುವ ನೀರನ್ನು ಕಡಿಮೆ ಮಾಡುವ ನೊರೆ, ನೀರೇ ಬೇಡದ ಆವಿ ಮತ್ತು ಹೀರುಪುಡಿಗಳ ಮೇಲಿನ ಕೆಲಸವನ್ನು ನಾನು ಅಷ್ಟು ಕುತೂಹಲದಿಂದ ಹಿಂಬಾಲಿಸುತ್ತಿರುವುದು ಈ ಬಾವಿಗಳ ಕಾರಣಕ್ಕೆ.